ಯಾರ ಕಾಗದ?

ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕತ್ತೆತ್ತಿ ನೋಡುವವರು ಬಹು ಮಂದಿ. ಅಲ್ಲಿನ ವಿಗ್ರಹಗಳ ಪೀಠದಲ್ಲಿ ಕೊರೆದಿರುವ ಅಕ್ಷರಗಳನ್ನು ಗಮನಿಸುವವರು ವಿರಳ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಕೃತಿಗಳಿಗೆ ಹೆಸರು ಹಾಕಿದ್ದಾರೆ. ಒಂಬತ್ತು ಶತಮಾನಗಳು ಕಳೆದರೂ, ಇದು ಯಾರ ಕೈಕೆಲಸವೆಂಬ ಪ್ರಶ್ನೆಗೆ ಕಲ್ಲೇ ಉತ್ತರ ಕೊಡುತ್ತದೆ.

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂದು ಬೀಳುವ ಇ-ಮೇಲ್ ಕಾಗದಕ್ಕೆ ಬಹುಕಾಲ ಇಷ್ಟು ಭರವಸೆಯೂ ಇರಲಿಲ್ಲವೆಂದರೆ ಸೋಜಿಗವಾದೀತು. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ನಿಯಮಾವಳಿಯಂತೆ, ಕಾಗದ ತಂದ ಯಂತ್ರವು “ಇಂಥವರು ಕಳುಹಿಸಿದ್ದಾರೆ” ಎಂದರೆ ಸಾಕು, ಪಡೆಯುವ ಯಂತ್ರವು ನಂಬುತ್ತಿತ್ತು. ಅಂದು ಜಾಲದಲ್ಲಿದ್ದವರು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಗಳವರು, ಸಂಶೋಧನಾಲಯಗಳವರು. ನೆಂಟರಿಷ್ಟರೇ ಓಡಾಡುವ ಬೀದಿಯಲ್ಲಿ ಹಗಲು ಹೊತ್ತು ಅಗುಳಿ ಹಾಕುವವರು ಯಾರು?

ಇಂದಿನ ಬೀದಿ ಹಾಗಿಲ್ಲ. ಅರಸೀಕೆರೆಯ ಕೊಬ್ಬರಿ ವರ್ತಕರೊಬ್ಬರನ್ನು ಊಹಿಸಿಕೊಳ್ಳಬಹುದು. ದೂರದ ಗಿರಾಕಿಗೆ ಮಾಲು ಹೋಗಿದೆ, ಹಣ ಬರಬೇಕು. ಅಷ್ಟರಲ್ಲಿ ವರ್ತಕರ ಹೆಸರಿನಲ್ಲಿಯೇ ಗಿರಾಕಿಗೊಂದು ಕಾಗದ: “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ದಯಮಾಡಿ ಹೊಸ ಖಾತೆಗೆ ಹಣ ಕಟ್ಟುವುದು.” ಗಿರಾಕಿ ಕಟ್ಟಿಬಿಡುತ್ತಾನೆ. ವರ್ತಕರು ಅದನ್ನು ಬರೆದೇ ಇಲ್ಲ! ಕೊಬ್ಬರಿಯೂ ಹೋಯಿತು, ಹಣವೂ ಹೋಯಿತು; ಇಪ್ಪತ್ತು ವರ್ಷಗಳ ಸ್ನೇಹಕ್ಕೆ ಬಿರುಕೂ ಬಿತ್ತು.

ಇಂಥದನ್ನು ತಡೆಯಲು ವರ್ತಕರ ಸರ್ವರನ್ನು ನೋಡಿಕೊಳ್ಳುವವನು, ಜಾಲದ ಹೆಸರುಗಳ ಬಹಿರಂಗ ದಫ್ತರವಾದ ಡಿ.ಎನ್.ಎಸ್.ನಲ್ಲಿ ಒಂದು ಸಾಲು ಬರೆಸುತ್ತಾನೆ: ನಮ್ಮ ಕಾಗದಗಳು ಇಂತಿಂಥ ಯಂತ್ರಗಳಿಂದ ಮಾತ್ರ ಹೊರಡುತ್ತವೆ. ಇದರ ಹೆಸರು ಎಸ್.ಪಿ.ಎಫ್. ಗಿರಾಕಿಯ ಸರ್ವರು ಆ ಸಾಲನ್ನೋದಿ, ಕಾಗದ ತಂದ ಯಂತ್ರದ ವಿಳಾಸದೊಡನೆ ತಾಳೆ ನೋಡುತ್ತದೆ.

ಅರಸೀಕೆರೆ ಜಂಕ್ಷನ್ನನ್ನು ಬಲ್ಲವರಿಗೆ ಇದರ ಕೊರತೆ ಬೇಗ ಹೊಳೆಯುತ್ತದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮೈಸೂರುಗಳ ಕಡೆಗೆ ಹಳಿ ಕವಲೊಡೆಯುವುದು ಅಲ್ಲಿ. ಹುಬ್ಬಳ್ಳಿಯವನೊಬ್ಬ ಅಲ್ಲಿ ಗಾಡಿ ಬದಲಿಸಿ ಹಾಸನದಲ್ಲಿಳಿದರೆ, “ಈ ಗಾಡಿ ಹುಬ್ಬಳ್ಳಿಯದಲ್ಲ, ನೀನೂ ಅಲ್ಲಿಯವನಲ್ಲ” ಎನ್ನುವುದು ನ್ಯಾಯವೆ? ಒಂದು ವಿಳಾಸದಿಂದ ಇನ್ನೊಂದಕ್ಕೆ ದಾಟಿಸಿದ ಕಾಗದಕ್ಕೆ ಎಸ್.ಪಿ.ಎಫ್. ಈ ಅನ್ಯಾಯವನ್ನೇ ಮಾಡುತ್ತದೆ.

ದಾಸೋಜನ ಉಪಾಯವೇ ಮೇಲು. ಅವನ ಹೆಸರಿರುವುದು ಕಲ್ಲಿನಲ್ಲಿ, ಕಲ್ಲು ಹೊತ್ತ ಬಂಡಿಯಲ್ಲಲ್ಲ. ಡಿ.ಕೆ.ಐ.ಎಂ. ಎಂಬ ಎರಡನೆಯ ಏರ್ಪಾಡಿನಲ್ಲಿ ಕಳುಹಿಸುವ ಸರ್ವರು ಗುಟ್ಟಾದ ಕೀಲಿಯೊಂದರಿಂದ ಕಾಗದಕ್ಕೇ ರುಜು ಹಾಕುತ್ತದೆ. ರುಜುವನ್ನು ಪರೀಕ್ಷಿಸುವ ಕೀಲಿ ದಫ್ತರದಲ್ಲಿ ಬಹಿರಂಗವಾಗಿರುತ್ತದೆ. ದಾರಿಯಲ್ಲಿ ಯಾರಾದರೂ ಖಾತೆಯ ಒಂದು ಅಂಕಿಯನ್ನು ತಿದ್ದಿದರೂ ರುಜು ಕೂಡುವುದಿಲ್ಲ. ದಾಸೋಜನಿಗೂ ಇಲ್ಲದ ಸೌಕರ್ಯವಿದು. ಉಳಿ ಹಿಡಿದ ಯಾರು ಬೇಕಾದರೂ ಅವನ ಹೆಸರನ್ನು ಕೊರೆಯಬಹುದಾಗಿತ್ತು.

ಇವೆರಡರಲ್ಲಿ ಒಂದಾದರೂ ಕಾಗದದ ಮೇಲೆ ಕಾಣುವ ಹೆಸರಿಗೆ ಹೊಂದದಿದ್ದರೆ ಏನು ಮಾಡಬೇಕೆಂದು ಸಾರುವುದು ಡಿಮಾರ್ಕ್. ಬಿಡು, ಪಕ್ಕಕ್ಕಿಡು, ತಿರಸ್ಕರಿಸು—ಆಜ್ಞೆಗಳು ಮೂರೇ. ಕಾವಲುಗಾರನ ಗುಣ ಗೊತ್ತಾಗುವುದು ಇಲ್ಲಿ. ಹಳೇಬೀಡಿನ ದ್ವಾರಪಾಲಕರನ್ನು ನೋಡಿ ಬಂದ ಉತ್ಸಾಹಿ ಮೊದಲ ದಿನವೇ “ತಿರಸ್ಕರಿಸು” ಎಂದು ಬರೆದಾನು. ಮರುದಿನ, ಲೆಕ್ಕಪತ್ರದ ಕಂಪನಿಯೊಂದರ ಯಂತ್ರದಿಂದ ಹೊರಟ ವರ್ತಕರ ಸ್ವಂತ ಬಿಲ್ಲುಗಳೇ ಗಿರಾಕಿಗಳ ಬಾಗಿಲಿನಿಂದ ಹಿಂದಿರುಗುತ್ತವೆ! ಅನುಭವಿಯಾದವನು ಕೆಲವು ವಾರ ಎಲ್ಲವನ್ನೂ ಬಿಟ್ಟು, ಬರುವ ವರದಿಗಳನ್ನೋದಿ, ಮರೆತುಹೋದ ಯಂತ್ರಗಳನ್ನು ಪಟ್ಟಿಗೆ ಸೇರಿಸಿ, ಆಮೇಲೆ ಬಿಗಿ ಮಾಡುತ್ತಾನೆ. ದಿನಕ್ಕೆ 5,000ಕ್ಕೂ ಮಿಕ್ಕಿ ಜಿಮೇಲ್‌ಗೆ ಕಾಗದ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ.

ಒಳಬರುವ ಅಪರಿಚಿತರಿಗೆ ಇನ್ನೊಂದು ಪರೀಕ್ಷೆಯುಂಟು. ದೆವ್ವ ಬಾರದಿರಲೆಂದು ನಮ್ಮ ನಾಡಿನಲ್ಲಿ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆದದ್ದುಂಟಷ್ಟೆ? 2003ರಲ್ಲಿ ಇವಾನ್ ಹ್ಯಾರಿಸ್ ಸೂಚಿಸಿದ ಉಪಾಯವೂ ಅಂಥದೇ: ಹೊಸಬನಿಗೆ “ಸ್ವಲ್ಪ ತಾಳಿ ಬಾ” ಎನ್ನುವುದು. ನೇಮದ ಸರ್ವರು ತಾಳಿ ಮತ್ತೆ ಬರುತ್ತದೆ. ಲಕ್ಷಗಟ್ಟಲೆ ಕಾಗದ ಚೆಲ್ಲುವ ಕಳ್ಳನಿಗೆ ಅಷ್ಟು ಪುರುಸೊತ್ತಿರುವುದಿಲ್ಲ. ಆದರೆ ಅವಸರದ ಕಾಗದವೂ ಹೊರಗೆ ಕಾಯಬೇಕಾಗುತ್ತದೆ. ಅದಕ್ಕೆ ವರ್ತಕರು ಬೈಯುವುದು ಕಳ್ಳನನ್ನಲ್ಲ, ಸರ್ವರು ನೋಡಿಕೊಳ್ಳುವವನನ್ನು.

ಇಷ್ಟಾದರೂ ಕಳ್ಳನು ಸುಮ್ಮನಿರುವವನಲ್ಲ. ವರ್ತಕರ ಹೆಸರಿನಲ್ಲಿ ಒಂದಕ್ಷರ ಮಾತ್ರ ಬೇರೆಯಾದ ವಿಳಾಸವೊಂದನ್ನು ಹಣ ಕೊಟ್ಟು ಪಡೆದು, ಅದಕ್ಕೆ ಎಸ್.ಪಿ.ಎಫ್. ಬರೆಸಿ, ಅಪ್ಪಟ ರುಜು ಹಾಕಿ ಕಳುಹಿಸುತ್ತಾನೆ. ಸರ್ವರು ಎಲ್ಲವನ್ನೂ ತಾಳೆ ನೋಡಿ, ಸರಿಯಾಗಿದೆಯೆಂದು ಗೌರವದಿಂದ ಒಳಗೆ ಬಿಡುತ್ತದೆ. ಅದರ ತಪ್ಪೇನೂ ಇಲ್ಲ; ಕಾಗದ ಬಂದದ್ದು ಆ ವಿಳಾಸದಿಂದಲೇ. ಆಗ ಗಿರಾಕಿಯ ಗುಮಾಸ್ತೆ ಕನ್ನಡಕ ಸರಿಪಡಿಸಿಕೊಂಡು ಆ ಒಂದಕ್ಷರವನ್ನು ಕಾಣಬೇಕು, ಇಲ್ಲವೆ ಹಳೆಯ ಪುಸ್ತಕದಲ್ಲಿ ಬರೆದಿಟ್ಟ ನಂಬರಿಗೆ ಫೋನು ಮಾಡಿ, “ಏನ್ ಸ್ವಾಮಿ, ಖಾತೆ ಬದಲಾಯಿಸಿದಿರಾ?” ಎಂದು ಕೇಳಬೇಕು.