ಜ್ವರ ಬಿಟ್ಟ ಮೇಲಿನ ಕಟ್ಟು

ಸ್ಮರಣಸಂಚಿಕೆಗೆ ಮುಖ್ಯಾಧ್ಯಾಪಿಕೆಯರು ವಿದ್ಯೆಯ ಮಹಿಮೆಯನ್ನಾಗಲಿ ಶಿಸ್ತಿನ ಪ್ರಯೋಜನವನ್ನಾಗಲಿ ಕುರಿತು ಬರೆಯುವುದು ವಾಡಿಕೆ. ನಾವು ಈ ಸಲ ಒಂದು ಬಟ್ಟಲು ಕಾಯಿಪಲ್ಯದ ಕಟ್ಟನ್ನು ಕುರಿತು ಬರೆಯಬೇಕೆಂದಿದ್ದೇವೆ. ವಿಷಯವು ಅಲ್ಪವೆಂದು ವಾಚಕಿಯರಿಗೆ ತೋರಬಹುದು. ಆದರೆ ನಮ್ಮಿಂದಾದ ಒಂದು ತಪ್ಪು ಇದರೊಳಗೆ ಸೇರಿಕೊಂಡಿರುವುದರಿಂದ, ಹೇಳದೆ ಇರುವುದು ನಮಗೆ ಸರಿಯೆನಿಸಲಿಲ್ಲ.

2019ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆಯೂ ದೂಧಗಂಗೆಯೂ ವೇದಗಂಗೆಯೂ ಉಕ್ಕಿ ಬಂದುದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯವರಾರೂ ಮರೆತಿರಲಾರರು. ಕಬ್ಬಿನ ಹೊಲಗಳು ಕೆರೆಗಳಂತಾದವು. ಜನರು ದನಕರುಗಳೊಡನೆ ಊರು ಬಿಟ್ಟು ಶಾಲೆಗಳಲ್ಲಿ ಆಶ್ರಯ ಪಡೆದರು. ಹೊಳೆಯ ನೀರು ಇಳಿಯಿತು. ಆದರೆ ಕುಡಿಯುವ ನೀರು ಬೇಗನೆ ತಿಳಿಯಾಗಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ನಾವು ಹಾಸಿಗೆ ಹಿಡಿದೆವು. ಡಾಕ್ಟರರು ರಕ್ತವನ್ನು ಪರೀಕ್ಷಿಸಿ ವಿಷಮಶೀತಜ್ವರವೆಂದರು. ನಮ್ಮ ಕಡೆಯ ಹಿರಿಯರು ಮುದ್ದತಿನ ಜ್ವರವೆನ್ನುವುದು ಇದನ್ನೇ. ಅಶುದ್ಧವಾದ ನೀರು ಮತ್ತು ಆಹಾರದ ಮೂಲಕ ದೇಹವನ್ನು ಸೇರುವ ರೋಗಾಣುವಿನಿಂದ ಇದು ಬರುತ್ತದೆ. ಔಷಧದ ಗುಣದಿಂದ ಜ್ವರವು ಬಿಟ್ಟಿತು. ಅಶಕ್ತತೆಯು ಮಾತ್ರ ಬಿಡಲಿಲ್ಲ.

ಪಥ್ಯದ ವಿಷಯದಲ್ಲಿ ನಾವು ಯಾರನ್ನೂ ಕೇಳಲಿಲ್ಲ. ಶಿಕ್ಷಕಿಯರ ತರಬೇತಿಯ ಕಾಲದಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಪುಸ್ತಕವು ನಮ್ಮ ಬಳಿ ಇತ್ತು. ಅದರ ಮೇರೆಗೆ ಕಾಯಿಪಲ್ಯವನ್ನೂ ಬೇಳೆಯನ್ನೂ ಕುದಿಸಿ, ಅರಿವೆಯಲ್ಲಿ ಸೋಸಿ, ತಿಳಿಯನ್ನು ಮಾತ್ರ ಕೊಡತಕ್ಕದ್ದೆಂದು ವಸತಿಗೃಹದ ಅಡಿಗೆಯ ಅಜ್ಜಿಗೆ ಅಪ್ಪಣೆ ಮಾಡಿದೆವು. ಮೊದಲೆರಡು ದಿನ ಆ ಬಿಸಿಯಾದ ತಿಳಿಗಟ್ಟು ಅಮೃತದಂತಿತ್ತು. ಕೆಟ್ಟಿದ್ದ ಬಾಯಿಗೆ ರುಚಿ ಬಂದಿತು, ಹಸಿವೆಯು ಕಣ್ಣು ತೆರೆಯಿತು. ಆದರೆ ಎಂಟು ದಿನಗಳಾದರೂ ನಮಗೆ ಶಾಲೆಯ ಮೆಟ್ಟಿಲುಗಳನ್ನು ಹತ್ತಲಾಗಲಿಲ್ಲ. ಒಂಬತ್ತನೆಯ ದಿನ ಅಜ್ಜಿಯು ಬಟ್ಟಲನ್ನು ಮುಂದಿಟ್ಟು, “ಅಕ್ಕಾರ, ತಿಳಿ ನಿಮಗ, ಗಟ್ಟಿ ಕೋಳಿಗೆ. ಕೋಳಿ ಮೈ ತುಂಬ್ಯಾವು, ನಿಮಗ ಎದ್ದ ನಿಲ್ಲಾಕ ಆಗವಲ್ದು” ಎಂದಳು.

ನಾವು ನಕ್ಕೆವು. ಮರುಕ್ಷಣವೇ ನಗೆಯು ನಿಂತಿತು. ಯಾಕೆಂದರೆ ಬಹಳ ವರ್ಷಗಳ ಹಿಂದಿನ ಒಂದು ಕಾಗದವು ನೆನಪಿಗೆ ಬಂದಿತು.

2006ನೆಯ ಇಸವಿಯಲ್ಲಿ ನಾವು ವಸತಿಗೃಹದ ಮೇಲ್ವಿಚಾರಕಿಯಾಗಿದ್ದೆವು. ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳಿಗೆ ಇದೇ ಜ್ವರ ಬಂದು, ಇಳಿದ ಬಳಿಕ ಅವಳನ್ನು ಮನೆಗೆ ಕಳುಹಿಸಿದೆವು. ತಾಯಿಯು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸ ಮಾಡುತ್ತಿದ್ದಳು. ಪಥ್ಯವನ್ನು ಕಾಗದದ ಮೇಲೆ ಬರೆದುಕೊಟ್ಟೆವು: ತಿಳಿಗಟ್ಟನ್ನೇ ಕೊಡಬೇಕು, ಘನಪದಾರ್ಥವನ್ನು ಎಷ್ಟುಮಾತ್ರಕ್ಕೂ ಕೊಡಕೂಡದು. ಎರಡು ತಿಂಗಳ ಮೇಲೆ ತಾಯಿಯು ಮಗಳನ್ನು ಕರೆತಂದಳು. ಹುಡುಗಿಯ ತಲೆಗೂದಲು ಉದುರಿತ್ತು. ತೋಳುಗಳು ಬಳೆ ನಿಲ್ಲದಷ್ಟು ಬಡವಾಗಿದ್ದವು. “ನೀವು ಬರದಂಗನ ಮಾಡೀನ್ರಿ, ಒಂದು ಕಾಳ ಸೈತ ಕೊಟ್ಟಿಲ್ಲ” ಎಂದು ತಾಯಿಯು ಹೇಳಿದಳು; ಅವಳ ಧ್ವನಿಯಲ್ಲಿ ಅಭಿಮಾನವಿತ್ತು. ಆ ವರ್ಷ ಹುಡುಗಿಯು ಪರೀಕ್ಷೆಗೆ ಕೂಡಲಿಲ್ಲ. ಮರುವರ್ಷ ಶಾಲೆಗೂ ಬರಲಿಲ್ಲ, ಮದುವೆಯಾಯಿತೆಂದು ಕೇಳಿದೆವು. ಜ್ವರವೇ ಅವಳನ್ನು ಅಷ್ಟು ಬಳಲಿಸಿತೆಂದು ನಮಗೆ ನಾವೇ ಸಮಾಧಾನ ಹೇಳಿಕೊಂಡಿದ್ದೆವು. ಕೋಳಿಗಳ ಮಾತನ್ನು ಕೇಳಿದ ದಿನ ಆ ಸಮಾಧಾನವು ಮುರಿಯಿತು. ನಮ್ಮ ಕಾಗದದಲ್ಲಿ ತಿಳಿಗಟ್ಟನ್ನು ಆರಂಭಿಸುವುದಿತ್ತು. ಎಷ್ಟು ದಿನಕ್ಕೆ ನಿಲ್ಲಿಸಬೇಕೆಂಬುದು ಇರಲಿಲ್ಲ. ವಿದ್ಯೆಯಿಲ್ಲದ ತಾಯಿಯು ನಮ್ಮ ಅಕ್ಷರವನ್ನು ನಂಬಿದಳು. ನಾವು ಅಕ್ಷರವನ್ನು ಅರ್ಧಕ್ಕೇ ಬಿಟ್ಟಿದ್ದೆವು.

ಹಳೆಯ ಪಥ್ಯಕ್ಕೆ ಕಾರಣವಿರಲಿಲ್ಲವೆಂದಲ್ಲ. ಈ ಜ್ವರದಲ್ಲಿ ಕರುಳಿನ ಒಳಗೆ ಹುಣ್ಣಾಗುವುದುಂಟು. ಅದು ತೂತಾದರೆ ಪ್ರಾಣಕ್ಕೆ ಅಪಾಯ. 1948ರಲ್ಲಿ ಕ್ಲೋರಾಂಫೆನಿಕಾಲ್ ಎಂಬ ಔಷಧವು ಬಳಕೆಗೆ ಬರುವ ಮೊದಲು ಜ್ವರವು ಮೂರು ನಾಲ್ಕು ವಾರ ಕಾಡುತ್ತಿತ್ತು. ಆದುದರಿಂದ ವೈದ್ಯರು ಗಟ್ಟಿ ಅನ್ನಕ್ಕೆ ಹೆದರುತ್ತಿದ್ದರು. ಔಷಧವು ಬಂದಿತು, ಹೆದರಿಕೆಯು ಮಾತ್ರ ನಮ್ಮ ಟಿಪ್ಪಣಿಪುಸ್ತಕದಲ್ಲಿ ಹಾಗೆಯೇ ಉಳಿಯಿತು. ಫ್ಲಾರೆನ್ಸ್ ನೈಟಿಂಗೇಲ್ ಬಾಯಿಯವರಾದರೋ 1859ರಲ್ಲಿಯೇ ಶುಶ್ರೂಷೆಯ ಪುಸ್ತಕದಲ್ಲಿ, ರೋಗಿಗಳಿಗೆ ಕೊಡುವ ಮಾಂಸದ ತಿಳಿಯನ್ನು ಬತ್ತಿಸಿ ನೋಡಿದರೆ ಉಳಿಯುವ ಪೋಷಕಾಂಶವು ಬಹು ಸ್ವಲ್ಪವೆಂದು ಎಚ್ಚರಿಸಿದ್ದರು. ನಮ್ಮ ಆಯುರ್ವೇದದಲ್ಲಿಯೂ ಪೇಯ, ವಿಲೇಪಿ, ಯೂಷ ಎಂದು ಹಗುರವಾದ ಆಹಾರದಿಂದ ಭಾರವಾದುದಕ್ಕೆ ಏರುವ ಕ್ರಮವುಂಟು. ಎಲ್ಲರೂ ಮೆಟ್ಟಿಲುಗಳನ್ನು ಹೇಳಿದ್ದಾರೆ. ನಾವು ಮೊದಲನೆಯ ಮೆಟ್ಟಿಲಿನ ಮೇಲೆಯೇ ಮನೆ ಕಟ್ಟಿದ್ದೆವು.

ಅಂದಿನಿಂದ ಡಾಕ್ಟರರನ್ನು ಕೇಳಿ, ಅಜ್ಜಿಯ ಕೈಯಿಂದ ಮಾಡಿಸಿದ ಕ್ರಮವನ್ನು ಇಲ್ಲಿ ಬರೆಯುತ್ತೇವೆ.

ಅರ್ಧ ಬಟ್ಟಲು, ಎಂದರೆ ಸುಮಾರು 50 ಗ್ರಾಂ ಹೆಸರುಬೇಳೆಯನ್ನು ತೊಳೆದು ಒಂದು ಲೀಟರು ನೀರಿನಲ್ಲಿ ಬೇಯಲಿಡಬೇಕು. ಬೇಳೆ ಅರೆಬೆಂದಾಗ ಒಂದು ಗಜ್ಜರಿ, ಸಿಪ್ಪೆ ತೆಗೆದ ಎಳೆಯ ಹೀರೇಕಾಯಿ, ಕೆಂಪು ಕುಂಬಳದ ಒಂದು ಹೋಳು, ಒಂದು ಟೊಮೆಟೊ, ಬೆರಳ ತುದಿಯಷ್ಟು ಹಸಿಶುಂಠಿ, ಚಿಟಿಕೆ ಜೀರಿಗೆ ಇವನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಎಲ್ಲವೂ ಬೆಣ್ಣೆಯಂತೆ ಮೆತ್ತಗಾದ ಮೇಲೆ ಕಡೆಯ ಐದು ನಿಮಿಷ ಒಂದು ಹಿಡಿ ಎಳೆಯ ನುಗ್ಗೆಸೊಪ್ಪನ್ನು ಕುದಿಸಬೇಕು. ನಮ್ಮ ಸೀಮೆಯ ಖಾರವು ಇದರ ಬಳಿ ಸುಳಿಯಬಾರದು. ಉಪ್ಪು, ಅರ್ಧ ಚಮಚ ತುಪ್ಪ ಸಾಕು. ತುಪ್ಪವು ರುಚಿಗಾಗಿ ಮಾತ್ರವಲ್ಲ; ಗಜ್ಜರಿ ಕುಂಬಳಗಳಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಹಳದಿ ಅಂಶವು ಜಿಡ್ಡಿನೊಡನೆ ಹೆಚ್ಚಾಗಿ ಮೈಗೆ ಹತ್ತುತ್ತದೆ. ನಿಂಬೆಯ ರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ಯಾಕೆಂದರೆ ಸಿ ಜೀವಸತ್ವವು ಬೆಂಕಿಯ ಕಾವಿಗೆ ಕೆಡುತ್ತದೆ.

ಮೊದಲನೆಯ ದಿನ ಮೇಲಿನ ತಿಳಿಯನ್ನು ಎರಡು ತಾಸಿಗೊಮ್ಮೆ ಅರ್ಧ ಬಟ್ಟಲು ಕೊಡಿರಿ. ಹೊಟ್ಟೆಯು ಒಪ್ಪಿದರೆ ಮರುದಿನದಿಂದಲೇ ಬೇಳೆಯನ್ನೂ ಕಾಯಿಗಳನ್ನೂ ಅದರಲ್ಲಿಯೇ ಚೆನ್ನಾಗಿ ಮಸೆದು ಕೊಡಿರಿ. ಆ 50 ಗ್ರಾಂ ಬೇಳೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನು ಇದೆ. ಅರಿವೆಯಲ್ಲಿ ಸೋಸಿದರೆ ಅದರ ಬಹುಭಾಗ ಅರಿವೆಯಲ್ಲಿಯೇ ಉಳಿಯುತ್ತದೆ. ಮೂರು ನಾಲ್ಕನೆಯ ದಿನಕ್ಕೆ ಮೆತ್ತಗಿನ ಅನ್ನವನ್ನಾಗಲಿ ಜೋಳದ ನುಚ್ಚನ್ನಾಗಲಿ ಕಲಸಿರಿ. ನೀರನ್ನು ಕುದಿಸಿ ಆರಿಸಿಯೇ ಕುಡಿಸಿರಿ. ಮೂತ್ರಪಿಂಡದ ಬೇನೆಯುಳ್ಳವರು, ಹೊಟ್ಟೆನೋವು ಉಳಿದವರು ಡಾಕ್ಟರರನ್ನು ಕೇಳದೆ ಇದನ್ನು ಕೈಕೊಳ್ಳಬಾರದು.

ನಾವು ಹತ್ತನೆಯ ದಿನದಿಂದ ಗಟ್ಟಿಯಾದ ಕಟ್ಟನ್ನು ಉಣ್ಣತೊಡಗಿದೆವು. ಅಜ್ಜಿಯು ಬಟ್ಟಲು ಬರಿದಾಗುವವರೆಗೆ ಬಾಗಿಲಲ್ಲಿ ಕುಳಿತಿರುತ್ತಿದ್ದಳು. ಎರಡು ವಾರಗಳಲ್ಲಿ ಮೆಟ್ಟಿಲು ಹತ್ತಿ ಹತ್ತನೆಯ ಇಯತ್ತೆಯ ಕೋಣೆಗೆ ಹೋದೆವು. ಹುಡುಗಿಯರು ಎದ್ದು ನಿಂತರು. ಅಲ್ಲಿ ಇರಬೇಕಾಗಿದ್ದ ಒಬ್ಬಳನ್ನು ನೆನೆದು ನಮಗೆ ಪಾಠವನ್ನು ಆರಂಭಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಈಗ ಬೇನೆಯಿಂದೆದ್ದ ಹುಡುಗಿಯನ್ನು ಮನೆಗೆ ಕಳುಹಿಸುವಾಗ ಹೊಸ ಕಾಗದವನ್ನು ಕೊಡುತ್ತೇವೆ. ಅದರಲ್ಲಿ ಒಂದೊಂದು ದಿನದ ಆಹಾರವನ್ನೂ ಬರೆದು, ತಾಯಿಗೆ ಓದಿ ಹೇಳಿ, ಅವಳ ಬಾಯಿಂದ ಒಮ್ಮೆ ತಿರುಗಿ ಕೇಳುತ್ತೇವೆ. ಹಳೆಯ ವಿದ್ಯಾರ್ಥಿನಿಯರೇ, ನಮ್ಮ ಕೈಬರಹದ ಹಳೆಯ ಕಾಗದವು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯಮಾಡಿ ಅದನ್ನು ಹರಿದುಹಾಕಿರಿ. ಅದರ ಬದಲಿಗೆ ಈ ಪುಟವನ್ನು ಇಟ್ಟುಕೊಳ್ಳಿರಿ.