ಶಿರಸಿಯ ಮಳೆ, ಹಿತ್ತಲ ತಂಬುಳಿ

ಮಳೆಗಾಲದಲ್ಲಿ ಶಿರಸಿಗೆ ಹೋಗ್ತೀನಿ ಅಂದ್ರೆ ಸಾಕು, ಎಲ್ಲರೂ ಜಲಪಾತಗಳ ಪಟ್ಟಿ ಕೊಡ್ತಾರೆ. ನಾನು ಹೋಗೋದು ಊಟಕ್ಕೆ. ಬೆಂಗಳೂರಿನಿಂದ ಸುಮಾರು 400 ಕಿ.ಮೀ.; ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಶಿರಸಿ. ಅಲ್ಲಿಂದ ಅಡಿಕೆ ತೋಟಗಳ ನಡುವೆ ಅರ್ಧ ಗಂಟೆ, ನನ್ನದೇ ಟೀಮಿನ ಗೆಳೆಯನ ಮನೆ. ಜುಲೈ ತಿಂಗಳು. ಶಾಲ್ಮಲಾ ತುಂಬಿ ಹರಿಯುತ್ತಿತ್ತು, ಸಹಸ್ರಲಿಂಗದ ಲಿಂಗಗಳೆಲ್ಲ ನೀರಿನಡಿ. ಪ್ರವಾಸ ಅಲ್ಲಿಗೆ ಮುಗೀತು. ಉಳಿದ ಎರಡು ದಿನ ಅಡುಗೆಮನೆಯಲ್ಲೇ.

ಆ ಕಡೆ ಮನೆಗೆ ಬಂದವರಿಗೆ ಮೊದಲ ಪ್ರಶ್ನೆ, "ಆಸರಿಗೆ ಎಂತ ಬೇಕು ತಮಾ?" ಬಾಯಾರಿಕೆಗೆ ಏನು ಕೊಡಲಿ ಅಂತ. ಗೆಳೆಯನ ಅಮ್ಮನನ್ನು ಅವನ ಹಾಗೆ ನಾನೂ ಆಯಿ ಅಂತಲೇ ಕರೆಯೋದು. ಆಯಿ ಬೆಲ್ಲ, ನೀರು ತಂದಿಟ್ಟು, ಕೊಡೆ ಹಿಡಿದು ಹಿತ್ತಲಿಗೆ ಹೋದರು. ವಾಪಸ್ ಬಂದಾಗ ಕೈಯಲ್ಲಿ ಒಂದು ಹಿಡಿ ಒಂದೆಲಗ. ಮಧ್ಯಾಹ್ನದ ಮೆನು ನಿರ್ಧಾರವಾಯ್ತು.

ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಕಾಯಿತುರಿ ಮತ್ತು ಸೊಪ್ಪಿನ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಿ, ಮೇಲೊಂದು ಒಗ್ಗರಣೆ ಕೊಟ್ಟರೆ ತಂಬುಳಿ. ಮಜ್ಜಿಗೆ ಬಿದ್ದ ಮೇಲೆ ಕುದಿಸುವ ಹಾಗಿಲ್ಲ, ಒಡೆದು ಹೋಗುತ್ತೆ. ಬಿಸಿ ಅನ್ನಕ್ಕೆ ಮೊದಲು ಇದೇ, ಸಾರು-ಹುಳಿ ಎಲ್ಲ ಆಮೇಲೆ. ಮರುದಿನ ದೊಡ್ಡಪತ್ರೆ ತಂಬುಳಿ, ಜೊತೆಗೆ ಕೆಸುವಿನ ಸೊಪ್ಪಿನ ಕರಕಲಿ. ಕೆಸುವಿನಲ್ಲಿರೋ ಆಕ್ಸಲೇಟ್ ಹರಳುಗಳಿಂದ ಗಂಟಲು ತುರಿಸುತ್ತೆ, ಅದಕ್ಕೇ ಹುಳಿ ಬೇಕೇ ಬೇಕು. ಆಯಿಗೆ ಆಕ್ಸಲೇಟ್ ಗೊತ್ತಿಲ್ಲ, ವಾಟೆಹುಳಿ ಎಷ್ಟು ಹಾಕಬೇಕು ಅನ್ನೋದು ಗೊತ್ತು.

ನಾವು ಆ್ಯಪ್ ತೆಗೆದು "ಇವತ್ತು ಏನು ತಿನ್ನೋಣ" ಅಂತ ಶುರು ಮಾಡ್ತೀವಿ. ಆಯಿ ಶುರು ಮಾಡೋದು "ಇವತ್ತು ಏನು ಇದೆ" ಅನ್ನೋದರಿಂದ. ಹೀರೆಕಾಯಿ ಪಲ್ಯಕ್ಕೆ ಹೋದರೆ ಅದರ ಸಿಪ್ಪೆ ಚಟ್ನಿಗೆ. ನಾನು ಮಂಡ್ಯ ಕಡೆಯವನು, ಇದು ನನಗೆ ಹೊಸದೇನಲ್ಲ. ನಮ್ಮ ಬಸ್ಸಾರೂ ಇದೇ ಲೆಕ್ಕ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಸಾರಿಗೆ, ಉಳಿದದ್ದು ಪಲ್ಯಕ್ಕೆ. ಒಂದೇ ಪಾತ್ರೆಯಿಂದ ಎರಡು ಅಡುಗೆ. (ಮುದ್ದೆ ಇಲ್ಲದ ಊಟ ಊಟವೇ ಅಲ್ಲ ಅನ್ನೋ ನನ್ನ ವಾದವನ್ನು ಮಾತ್ರ ಅಲ್ಲಿ ಯಾರೂ ಒಪ್ಪಲಿಲ್ಲ.)

ಆದರೆ ಒಂದು ವಿಷಯ ಹೇಳಲೇಬೇಕು. ಆ ವಾರ ತೋಟದಲ್ಲಿ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯೋದಿತ್ತು. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ. ಮಳೆ ಬಿಡುವು ಕೊಟ್ಟಾಗಲೇ ಮುಗಿಸಬೇಕು. ಆಳುಗಳೂ ಸೇರಿ ಎಂಟು ಜನಕ್ಕೆ ತಿಂಡಿ, ಊಟ, ಎರಡು ಸಲ ಚಹಾ. ಆಯಿಗೆ ಮಂಡಿನೋವು. "ಕೈರುಚಿ, ಕೈರುಚಿ" ಅಂತ ಫೋಟೋ ಹಾಕುವ ನಾವು, ಆ ಕೈಯವರು ಎಷ್ಟು ಹೊತ್ತಿನಿಂದ ಒಲೆ ಮುಂದೆ ನಿಂತಿದ್ದಾರೆ ಅಂತ ಕೇಳೋದು ಕಡಿಮೆ. ಮನೆ ಅಡುಗೆಯ ಗುಣಗಾನದಲ್ಲಿ ನನಗೆ ಹಿಡಿಸದ ಭಾಗ ಅದು.

ಗೆಳೆಯ ಒಬ್ಬನೇ ಮಗ. ಬೆಂಗಳೂರಿಗೆ ಬಂದುಬಿಡಿ, ಫ್ಲ್ಯಾಟಿನಲ್ಲಿ ಲಿಫ್ಟ್ ಇದೆ, ಡಾಕ್ಟರ್ ಹತ್ತಿರ ಇದ್ದಾರೆ ಅಂತ ಊಟದ ಹೊತ್ತಿಗೆ ಮತ್ತೆ ಶುರು ಮಾಡಿದ. ಅವನಪ್ಪ ಕವಳದ ಬಟ್ಟಲು ಹತ್ತಿರ ಎಳೆದುಕೊಂಡು ಸುಮ್ಮನೆ ಎಲೆಗೆ ಸುಣ್ಣ ಹಚ್ಚಿದರು. ಆಯಿ ಮಾತ್ರ, "ಬರಬಹುದು ತಮಾ, ಬೆಳಿಗ್ಗೆ ಎದ್ದು ಅಲ್ಲಿ ಎಂತ ಕೊಯ್ಯೋದು?" ಅಂದರು. ಅವನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ತೋಟ, ಕೊಟ್ಟಿಗೆ, ಹಿತ್ತಲು ಬಿಟ್ಟರೆ ಆ ಅಡುಗೆಯೂ ಅಲ್ಲೇ ಉಳಿಯುತ್ತೆ. ಬಿಡದಿದ್ದರೆ ಆ ಮಂಡಿಯ ಗತಿ?

ಮರುದಿನ ಮಗ ಕಾಯಿ ತುರಿದ, ನಾನು ಸೊಪ್ಪು ತೊಳೆದೆ. ಆಯಿ ಕುರ್ಚಿ ಹಾಕಿಸಿಕೊಂಡು ಕೂತು, "ಮೆಣಸು ಕರಿದಾಯ್ತು, ಉರಿ ಸಣ್ಣ ಮಾಡು" ಅಂತ ಹೇಳಿಕೊಟ್ಟರು. ತಂಬುಳಿ ದಪ್ಪವಾಯ್ತು. ಆಯಿ ನೀರು ಬೆರೆಸಿ, ಮಾತಾಡದೆ ಎರಡು ಸಲ ಬಡಿಸಿಕೊಂಡರು.

ಮುಂದಿನ ವರ್ಷದಿಂದ ಔಷಧಿ ಹೊಡೆಯೋ ವಾರ ಊರಿಂದಲೇ ಕೆಲಸ ಮಾಡ್ತೀನಿ ಅಂತ ಗೆಳೆಯ ಮೇಲ್ ಹಾಕಿದ್ದಾನೆ. ಮ್ಯಾನೇಜರ್ ಇನ್ನೂ ಉತ್ತರಿಸಿಲ್ಲ.