ನೋಟಿನ ಮೇಲಿನ ಕನ್ನಡ

ಸನತ್‌ನಗರ, ಹೈದರಾಬಾದ್

ಪ್ರಿಯ ಗೆಳೆಯರೆ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ರಷ್ಯದ ತ್ಸಾರ್‌ಗಳ ಚರಿತ್ರೆ ಓದಿ ಮುಗಿಸಿದವರು ನನಗೊಂದು ಪ್ರಶ್ನೆ ಹಾಕಿದ್ದೀರಿ: ಮುನ್ನೂರು ವರ್ಷ ಆಳಿದ ಮನೆತನ ಒಂದೇ ವಾರದಲ್ಲಿ ಹೇಗೆ ಉರುಳಿತು?

ಉತ್ತರ ಹುಡುಕುತ್ತ ನಾನು ಪೀಟರ್ಸ್‌ಬರ್ಗಿನವರೆಗೆ ಹೋಗಲಿಲ್ಲ. ಅಜ್ಜಿಯ ಟ್ರಂಕು ತೆಗೆದೆ. ತಳದಲ್ಲಿ, ಹಳೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ, ನಿಜಾಮರ ಕಾಲದ ಒಂದು ನೋಟಿದೆ. ಮಡಚಿ ಮಡಚಿ ನಡುವೆ ಸವೆದಿದೆ. ಅಜ್ಜಿ ಅದನ್ನು 'ಹಾಲಿ' ಅನ್ನುತ್ತಿದ್ದಳು. ಬ್ರಿಟಿಷರ ರೂಪಾಯಿ ಅವಳಿಗೆ 'ಕಲ್ದಾರ್'. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್ ಎಂಬ ಲೆಕ್ಕ ಕೊನೆಗಾಲದವರೆಗೂ ಅವಳ ನಾಲಿಗೆಯ ತುದಿಯಲ್ಲಿತ್ತು. ಅಡುಗೆಮನೆಯ ಕಿಟಕಿಗೆ ನೋಟನ್ನು ಹಿಡಿದು ನೋಡಿದೆ. ಉರ್ದುವಿನದೇ ದರ್ಬಾರು. ಆದರೆ ಮೊತ್ತವನ್ನು ತೆಲುಗು, ಮರಾಠಿ, ಇಂಗ್ಲಿಷಿನಲ್ಲೂ ಬರೆದಿದ್ದಾರೆ. ಅವುಗಳ ಜತೆಗೆ, ಒತ್ತೊತ್ತಾಗಿ, ನಮ್ಮ ಕನ್ನಡದಲ್ಲೂ.

ಈ ನೋಟು ನಡೆಯುತ್ತಿದ್ದ ಹೈದರಾಬಾದ್ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಜನ ತೆಲುಗಿನವರು, ಕಾಲು ಭಾಗ ಮರಾಠಿಯವರು, ಎಂಟರಲ್ಲೊಂದು ಪಾಲು ಬೀದರ, ಕಲಬುರಗಿ, ರಾಯಚೂರಿನ ನಮ್ಮವರು. ದೊರೆಗೆ ಇದು ಗೊತ್ತಿತ್ತು. ಇಲ್ಲದಿದ್ದರೆ ನೋಟಿನ ಮೇಲೆ ಕನ್ನಡ ಹತ್ತುತ್ತಿರಲಿಲ್ಲ. ಆದರೆ ಅದೇ ನೋಟು ಹಿಡಿದು ಕಂದಾಯ ಕಟ್ಟಲು ಹೋದ ರೈತನಿಗೆ ಕಚೇರಿಯಲ್ಲಿ ಸಿಗುತ್ತಿದ್ದದ್ದು ಉರ್ದುವಿನ ಕಾಗದ. ಏನು ಬರೆದಿದೆ ಎಂದು ತಿಳಿಯಲು ಇನ್ನೊಬ್ಬರ ಕಾಲು ಹಿಡಿಯಬೇಕು. ವಸೂಲಿಗೆ ಜನರ ನುಡಿ ಬೇಕು, ಅಹವಾಲು ಕೇಳಲು ಬೇಡ. ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೇ.

ತ್ಸಾರ್‌ಗಳೂ ಇದನ್ನೇ ಮಾಡಿದರು, ಇನ್ನೂ ಕಟುವಾಗಿ. 1876ರಲ್ಲಿ ಎರಡನೇ ಅಲೆಕ್ಸಾಂಡರ್ ಉಕ್ರೇನಿ ಭಾಷೆಯ ಪುಸ್ತಕಗಳ ಅಚ್ಚಿಗೇ ಕಡಿವಾಣ ಹಾಕಿದ. ಜೀತದ ರೈತರನ್ನು 1861ರಲ್ಲಿ ಬಿಡುಗಡೆ ಮಾಡಿದವನೂ ಅವನೇ. ಒಂದು ಕೈಯಲ್ಲಿ ಕೊಡುವುದು, ಇನ್ನೊಂದು ಕೈಯಲ್ಲಿ ಬಾಯಿ ಮುಚ್ಚುವುದು. 1905ರ ಜನವರಿಯಲ್ಲಿ ಕೆಲಸಗಾರರು ಮನವಿಪತ್ರ ಹಿಡಿದು ಅರಮನೆಯತ್ತ ನಡೆದಾಗ ಕೊನೆಯ ತ್ಸಾರ್ ಎರಡನೇ ನಿಕೊಲಸನ ಸೈನಿಕರು ಗುಂಡು ಹಾರಿಸಿದರು. ಆಮೇಲೆ ಡೂಮಾ ಎಂಬ ಜನಸಭೆಯನ್ನೇನೋ ಕೊಟ್ಟ. ಅದರ ಮಾತು ಹಿಡಿಸದಾಗ 1906 ಮತ್ತು 1907ರಲ್ಲಿ ಎರಡು ಸಲ ವಿಸರ್ಜಿಸಿದ. 1917ರ ಮಾರ್ಚ್ 8ರಂದು ಬಟ್ಟೆಗಿರಣಿಯ ಹೆಂಗಸರು ರೊಟ್ಟಿ ಕೇಳಿ ಬೀದಿಗಿಳಿದರು. 15ಕ್ಕೆ ಅವನು ಸಿಂಹಾಸನ ಬಿಟ್ಟ. ನೀವು ಕೇಳಿದ ಆ ಒಂದು ವಾರ ಇದೇ.

ನಮ್ಮಲ್ಲಿ ಒಂದು ವಾರವೂ ಬೇಕಾಗಲಿಲ್ಲ. 1724ರಲ್ಲಿ ಶುರುವಾದ ನಿಜಾಮರ ಆಸಫ್ ಜಾಹಿ ಆಳ್ವಿಕೆ 1948ರ ಸೆಪ್ಟೆಂಬರ್ 13ರಿಂದ 17ರ ನಡುವೆ, ಭಾರತದ ಸೇನೆ ನಡೆಸಿದ 'ಪೊಲೀಸ್ ಕಾರ್ಯಾಚರಣೆ'ಯ ಐದೇ ದಿನಗಳಲ್ಲಿ ಮುಗಿಯಿತು.

ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಏನೂ ಕಟ್ಟದ ದೊರೆಯಲ್ಲ. 1908ರ ಮೂಸಿ ಪ್ರವಾಹದ ನಂತರ ನಮ್ಮ ವಿಶ್ವೇಶ್ವರಯ್ಯನವರ ಸಲಹೆಯಿಂದ ರೂಪುಗೊಂಡ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಇವನ ಕಾಲದವು. 1918ರ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಬಿಟ್ಟು ಭಾರತೀಯ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟಿತು. ಆ ಭಾಷೆ ಉರ್ದು, ಅಷ್ಟೆ. ನಾನಿರುವ ಬಡಾವಣೆಯ ಹೆಸರನ್ನೇ ನೋಡಿ. ಊರಿಂದ ಬಂದವರು ಸನತ್ಕುಮಾರನ ಹೆಸರಿರಬೇಕು ಎಂದುಕೊಳ್ಳುತ್ತಾರೆ. ಅಲ್ಲ, ಉರ್ದುವಿನಲ್ಲಿ 'ಸನತ್' ಎಂದರೆ ಕೈಗಾರಿಕೆ. ಬಸ್ಸು, ಫ್ರಿಜ್ಜು, ಗಡಿಯಾರಗಳಿಗೆ ಹೆಸರಾದ ಆಲ್ವಿನ್ ಕೂಡ 1942ರಲ್ಲಿ, ನಿಜಾಮರ ಸರ್ಕಾರದ ಪಾಲುಬಂಡವಾಳದಿಂದ ಹುಟ್ಟಿದ್ದು.

ಕೆರೆ ಕಟ್ಟಿದ, ಕಾಲೇಜು ಕಟ್ಟಿದ, ಕಾರ್ಖಾನೆಗೆ ಹಣ ಹಾಕಿದ. ಕೇಳುವ ಕಿವಿಯೊಂದನ್ನು ಮಾತ್ರ ಇಟ್ಟುಕೊಳ್ಳಲಿಲ್ಲ. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಹುಟ್ಟುವ ಮೊದಲೇ ನಿಷೇಧಿಸಿದರು. ಅದರ ನಾಯಕ ಸ್ವಾಮಿ ರಮಾನಂದ ತೀರ್ಥರು ವಿಜಯಪುರ ಸೀಮೆಯ ಸಿಂದಗಿಯಲ್ಲಿ ಹುಟ್ಟಿದವರು. 'ವಂದೇ ಮಾತರಂ' ಹಾಡಿದ್ದಕ್ಕೆ ವಿದ್ಯಾರ್ಥಿಗಳನ್ನು ಉಸ್ಮಾನಿಯಾದಿಂದ ಹೊರಹಾಕಿದರು. ಕೊನೆಗೆ ಆಳ್ವಿಕೆಯ ಹಗ್ಗ ದೊರೆಯ ಕೈಜಾರಿ ಖಾಸಿಂ ರಜ್ವಿಯ ರಜಾಕಾರರೆಂಬ ಖಾಸಗಿ ಪಡೆಯ ಕೈಸೇರಿತು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಅವರು ನಡೆಸಿದ ನರಮೇಧ ನಿಮಗೆ ಗೊತ್ತೇ ಇದೆ. ಅತ್ತ ಮುಂಡರಗಿ ಶಿಬಿರದಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳಂಥವರು ಹೋರಾಟಕ್ಕೆ ನಿಂತರು.

ಆದರೆ ಗೆಳೆಯರೆ, ನಮ್ಮ ಸೀಮೆಯಲ್ಲಿ ಕತೆಯನ್ನು ಸೆಪ್ಟೆಂಬರ್ 17ಕ್ಕೇ ನಿಲ್ಲಿಸಿ ಧ್ವಜ ಹಾರಿಸಿಬಿಡುತ್ತೇವೆ. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಎಷ್ಟೋ ಬಡ ಮುಸ್ಲಿಮರ ಮನೆಗಳ ಮೇಲೆ ಸೇಡು ಬಿತ್ತು. ಭಾರತ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಲೆಕ್ಕವನ್ನು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿಯೂ ಇದೆ, ಬೀದರವೂ ಇದೆ. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ದೊರೆಯ ತಪ್ಪಿಗೆ ದಂಡ ತೆತ್ತವರು ದೊರೆಯ ಭಾಷೆಯಾಡಿದ ಬಡವರು.

ದೊರೆಗೇನಾಯಿತು? ಇಲ್ಲಿ ಎರಡು ಕತೆಗಳ ದಾರಿ ಬೇರೆಯಾಗುತ್ತದೆ. ನಿಕೊಲಸನನ್ನು ಹೆಂಡತಿ, ಐವರು ಮಕ್ಕಳು, ನಾಲ್ವರು ಪರಿಚಾರಕರ ಸಮೇತ 1918ರ ಜುಲೈ 17ರಂದು ಯೆಕಟೆರಿನ್‌ಬರ್ಗಿನ ಒಂದು ನೆಲಮಾಳಿಗೆಯಲ್ಲಿ ಕೊಂದರು. ಉಸ್ಮಾನ್ ಅಲಿ ಖಾನ್ 1950ರಿಂದ 1956ರವರೆಗೆ ರಾಜಪ್ರಮುಖನಾಗಿ ಕೂತ, ವರ್ಷಗಟ್ಟಲೆ ಒಂದೇ ಟೊಪ್ಪಿಗೆ ಹಾಕಿಕೊಂಡು ತಿರುಗುವ ಜಿಪುಣನೆಂಬ ಹೆಸರು ಹೊತ್ತು 1967ರಲ್ಲಿ ತೀರಿಕೊಂಡ. ಜೂಡಿ ಮಸೀದಿಯಲ್ಲಿ ತಾಯಿಯ ಮಗ್ಗುಲಲ್ಲಿ ಮಲಗಿದ್ದಾನೆ. ಸೋತ ದೊರೆಯನ್ನು ಕೊಲ್ಲದೆ ಪಿಂಚಣಿ ಕೊಟ್ಟು ಕೂರಿಸಿದ್ದು ನಮ್ಮ ಹೊಸ ಗಣರಾಜ್ಯದ ದೊಡ್ಡತನ. ಅದೇ ಕರುಣೆ ಹಳ್ಳಿಯ ಬಡ ಮುಸ್ಲಿಂ ನೇಕಾರನಿಗೂ ಸಿಕ್ಕಿದ್ದರೆ ನಾನು ಇನ್ನೂ ಗಟ್ಟಿಯಾಗಿ ಹೊಗಳುತ್ತಿದ್ದೆ.

1956ರ ನವೆಂಬರ್ 1ರಂದು ಬೀದರ, ಕಲಬುರಗಿ, ರಾಯಚೂರು ಮೈಸೂರು ರಾಜ್ಯ ಸೇರಿದವು. ಹೈದರಾಬಾದ್ ಆಂಧ್ರದ ಪಾಲಾಯಿತು, ಊರೊಳಗಿನ ನಮ್ಮಂಥವರು ಗಡಿಯ ಈಚೆ ಉಳಿದೆವು. ಕಾಚಿಗುಡದ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಇರುವುದರಿಂದ ನಮ್ಮ ಕನ್ನಡಕ್ಕೆ ಇಲ್ಲಿ ಇನ್ನೂ ಒಂದು ಅಂಗಳವಿದೆ.

ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ತೊಂಬತ್ತು ದಾಟಿದ ಹಿರಿಯರು ಯಾರಾದರೂ ಇದ್ದರೆ, ಈ ವಾರವೇ ಹೋಗಿ ಪಕ್ಕದಲ್ಲಿ ಕೂತು, 1948ರಲ್ಲಿ ಏನು ಕಂಡಿರಿ ಎಂದು ಕೇಳಿ. ಲಿಂಗಾಯತರ ಓಣಿಯಲ್ಲಿ ಕೇಳಿದಷ್ಟೇ ಮುಸ್ಲಿಮರ ಓಣಿಯಲ್ಲೂ ಕೇಳಿ. ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಬರುವಾಗ ಆ ವಹಿ ತನ್ನಿ; ನೋಟು ತೋರಿಸುತ್ತೇನೆ.

ನಿಮ್ಮ ಹಳೆಯ ಗೆಳೆಯ